ಮೋಡದ ತಿಂಗಳುಗಳ ಮನೋಮ್ಲಾನತೆ

ಋತುಮಾನದ ಖಿನ್ನತೆಯನ್ನು ಅಮೆರಿಕದ ವೈದ್ಯ ನಾರ್ಮನ್ ರೋಸೆಂತಾಲರೂ ಸಂಗಡಿಗರೂ 1984ರಲ್ಲಿ ಹೆಸರಿಟ್ಟು ವಿವರಿಸಿದರು. ಡಿಸೆಂಬರಿನಲ್ಲಿ ಸ್ಟಾಕ್‌ಹೋಮಿನ ಹಗಲು ಆರು ಗಂಟೆಗೆ ಇಳಿಯುತ್ತದೆ. ಅಚ್ಯುತಾಪುರಂನಲ್ಲಿ ಅತಿ ಚಿಕ್ಕ ಹಗಲೂ ಸುಮಾರು 11 ಗಂಟೆ. ಆದುದರಿಂದ ಇಲ್ಲಿನ ಕತ್ತಲೆ ಸೂರ್ಯನದಲ್ಲ, ಮಳೆಗಾಲದ ಮೋಡದ್ದು. ಅದಕ್ಕಿಂತಲೂ, ಮಳೆಯ ನೆಪದಿಂದ ಮುಚ್ಚಿದ ಬಾಗಿಲಿನದು ಎನ್ನಬೇಕು. ಕೋಣೆಯ ದೀಪ ನೀಡುವುದು ಕೆಲವು ನೂರು ಲಕ್ಸ್. ಮೋಡ ಕವಿದ ಬಯಲಿನಲ್ಲಿಯೂ ಹಗಲು ಸಾವಿರಾರು ಲಕ್ಸ್ ಬೆಳಕಿರುತ್ತದೆ. ನೋಟಕ್ಕೆ ಈ ಅಂತರ ಅಷ್ಟಾಗಿ ತೋರದು, ದೇಹದ ಗಡಿಯಾರಕ್ಕೆ ತಿಳಿಯುತ್ತದೆ. ಒಂಟಿಯಾಗಿರುವ ಹಿರಿಯರು ಬೆಳಿಗ್ಗೆ ಕೊಡೆ ಹಿಡಿದಾದರೂ ಅರ್ಧ ಗಂಟೆ ಹೊರಗೆ ನಡೆಯುವುದು ಹಿತ. ಎರಡು ವಾರ ಕಳೆದರೂ ಮನಸ್ಸು ಚೇತರಿಸದಿದ್ದರೆ, ವೃದ್ಧಾಪ್ಯದ ಆಲಸ್ಯವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡವೆನಿಸಿದರಂತೂ ಅಂದೇ. ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.