ಮೆಲುಕು



ದೊಡ್ಡಮ್ಮನ ಮನೆಯ ಕೊಟ್ಟಿಗೆಯಲ್ಲಿ ಕೂತು ಹಸು ಮೆಲುಕು ಹಾಕುವುದನ್ನು ನೋಡುವುದು ನನ್ನ ಬೇಸಿಗೆ ರಜೆಯ ಮಧ್ಯಾಹ್ನದ ಕೆಲಸ. ಕುತ್ತಿಗೆಯೊಳಗೆ ಉಂಡೆ ಮೇಲೇರುವುದು ಹೊರಗಿನಿಂದಲೇ ಕಾಣುತ್ತದೆ. ಐವತ್ತು ಅರವತ್ತು ಸಲ ದವಡೆ ಆಡುತ್ತದೆ, ನುಂಗುತ್ತದೆ, ಒಂದು ಗಳಿಗೆ ಸುಮ್ಮನಿರುತ್ತದೆ, ಮತ್ತೆ ಇನ್ನೊಂದು ಉಂಡೆ. ಹಾಗೆ ಮೆಲುಕು ಹಾಕಿದ್ದಕ್ಕೆ ಸಂಜೆ ತಂಬಿಗೆ ತುಂಬ ಹಾಲು. ನಾವು ಹಾಕುವ ಮೆಲುಕಿಗೆ?

ನನ್ನದೇ ಹೇಳುತ್ತೇನೆ. ಮದುವೆಯೊಂದರ ಊಟದ ಪಂಕ್ತಿಯಲ್ಲಿ ಬಂಧುವೊಬ್ಬರು, ನಾಲ್ಕು ಜನ ಕೇಳುವ ಹಾಗೆ, ನನ್ನ ಸಂಪಾದನೆಯ ಬಗ್ಗೆ ಒಂದು ಮಾತಂದರು. ಎಲೆಗೆ ಹೋಳಿಗೆ ಬಿದ್ದಿತ್ತು, ತಿನ್ನಲಾಗಲಿಲ್ಲ. ಆಮೇಲೆ 12 ವರ್ಷ, ಬೆಳಿಗ್ಗೆ ಗಡ್ಡಕ್ಕೆ ಸೋಪು ಹಚ್ಚಿದೊಡನೆ ಆ ಮಾತು ಬರುತ್ತಿತ್ತು. ಕನ್ನಡಿಯೆದುರು ನಿಂತು ಅವರಿಗೆ ಉತ್ತರ ಕೊಡುತ್ತಿದ್ದೆ. ವರ್ಷದಿಂದ ವರ್ಷಕ್ಕೆ ಉತ್ತರ ಹರಿತವಾಗುತ್ತ ಹೋಯಿತು. ಕೊಯ್ದದ್ದು ಮಾತ್ರ ನನ್ನ ಗಲ್ಲವನ್ನೇ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಸೂಸನ್ ನೋಲೆನ್-ಹೋಕ್ಸೆಮಾ ಎಂಬ ಮನಶ್ಶಾಸ್ತ್ರಜ್ಞೆ, ಬೇಸರವಾದಾಗ ಏನು ಮಾಡುತ್ತೀರಿ ಎಂದು ವಿದ್ಯಾರ್ಥಿಗಳನ್ನು ಕೇಳಿ ಬರೆಸಿಟ್ಟುಕೊಂಡಿದ್ದರು. ಅದಾದ 14 ದಿನಕ್ಕೆ, 1989ರ ಅಕ್ಟೋಬರ್ 17ರಂದು, ಅಲ್ಲಿ ದೊಡ್ಡ ಭೂಕಂಪ. 7 ವಾರ ಕಳೆದು ನೋಡಿದರೆ, ದುಃಖವನ್ನು ಮೆಲುಕು ಹಾಕುವ ಅಭ್ಯಾಸ ಮೊದಲೇ ಇದ್ದವರು ಉಳಿದವರಿಗಿಂತ ಹೆಚ್ಚು ಕುಗ್ಗಿದ್ದರು. ನೆಲ ನಡುಗಿದ್ದು ಎಲ್ಲರಿಗೂ ಸುಮಾರು 15 ಸೆಕೆಂಡು.

ಹಾಗಂತ ಮರೆತುಬಿಡು ಅಂದರೆ ಮನಸ್ಸು ಕೇಳುವುದಿಲ್ಲ. ಹೊರಗೆ ನೂಕಿದಷ್ಟೂ ಬಾಗಿಲು ಬಡಿಯುತ್ತದೆ. ಪತಂಜಲಿಯ ಯೋಗಸೂತ್ರದ ಎರಡನೆಯ ಪಾದದಲ್ಲಿ ಬೇರೆ ದಾರಿಯಿದೆ, ಪ್ರತಿಪಕ್ಷ ಭಾವನೆ: ಕಾಡುವ ಯೋಚನೆಯ ಎದುರು ಇನ್ನೊಂದನ್ನು ತಂದು ಕೂರಿಸುವುದು. ಆ ಇನ್ನೊಂದು ಸುಳ್ಳಾಗಿರಬಾರದು ಅನ್ನುವುದು ನನ್ನ ಸೇರ್ಪಡೆ. ಆ ಬಂಧುವಿನ ಬಗ್ಗೆ 'ಅವರು ಬಹಳ ಒಳ್ಳೆಯವರು' ಅಂದುಕೊಂಡು ನೋಡಿದೆ, ಗಂಟಲಲ್ಲೇ ನಿಂತಿತು. ಹುಡುಕಿದಾಗ ಸಿಕ್ಕಿದ್ದು ಒಂದು ಸ್ಟೀಲ್ ಕ್ಯಾರಿಯರ್. ಅಪ್ಪ ಆಸ್ಪತ್ರೆಯಲ್ಲಿದ್ದಾಗ ಒಂಬತ್ತು ದಿನ, ಎರಡು ಬಸ್ಸು ಬದಲಿಸಿ ಗಂಜಿ ತಂದವರು ಇದೇ ಮನುಷ್ಯ. ತಳದ ಡಬ್ಬಿಯಲ್ಲಿ ನನಗೆಂದು, ನಿಂಬೆಹುಳಿ ಒಂದಿಷ್ಟು ಜಾಸ್ತಿಯೇ ಹಿಂಡಿದ ಚಿತ್ರಾನ್ನ. ಆ ಮಾತೂ ನಿಜ, ಈ ಚಿತ್ರಾನ್ನವೂ ನಿಜ. ಇಷ್ಟು ವರ್ಷ ನಾನು ಒಂದನ್ನೇ ಜಗಿದಿದ್ದೆ.

ಎಲ್ಲ ಗಾಯಕ್ಕೂ ಇದು ಮದ್ದಲ್ಲ. ಹೊಡೆತ ತಿಂದವರು ಹೊಡೆದವರ ಒಳ್ಳೆಯತನ ಹುಡುಕಿಕೊಂಡು ಕೂರಬೇಕಾಗಿಲ್ಲ. ಅಂಥವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಆ ಬಂಧುವಿನ ಜೊತೆ ಮಾತುಕತೆ ಈಗಲೂ ಅಷ್ಟಕ್ಕಷ್ಟೆ. ಕ್ಷಮಿಸಿಬಿಟ್ಟೆ ಅನ್ನುವಷ್ಟು ದೊಡ್ಡ ಮನುಷ್ಯನೂ ನಾನಲ್ಲ. ಪಂಕ್ತಿಯ ಮಾತು ಬಂದರೆ ಬರಲಿ ಎಂದು ಪಕ್ಕದಲ್ಲಿ ಕ್ಯಾರಿಯರ್ ತಂದಿಡುತ್ತೇನೆ. ಮೊದಮೊದಲು ನಾಟಕ ಅನಿಸುತ್ತಿತ್ತು. ಮೊನ್ನೆ ಮಾತ್ರ, ಸೋಪು ಹಚ್ಚಿ ಬ್ಲೇಡು ಕೈಗೆತ್ತಿಕೊಳ್ಳುವ ಮೊದಲೇ, ನಿಂಬೆಹಣ್ಣಿನ ವಾಸನೆ ಬಂತು.