ಗಿರಾಕಿ ಎಂಬ ಗುರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಾರ್ಷಿಕೋತ್ಸವದ ವೇದಿಕೆಯಲ್ಲಿ ನುಡಿಯ ಹಿರಿಮೆಯನ್ನು ಕೊಂಡಾಡುವುದು ವಾಡಿಕೆ. ಆ ಕಾರ್ಯವನ್ನು ನನಗಿಂತ ಬಲ್ಲವರು ಈಗಾಗಲೇ ನೆರವೇರಿಸಿದ್ದಾರೆ. ನನಗೆ ಒಪ್ಪಿಸಿರುವ ವಿಷಯ ಬೇರೆ. ಕಾಲೇಜಿನ ಸ್ಟುಡಿಯೋಗಳಲ್ಲಿ ಗ್ರಾಫಿಕ್ ಡಿಸೈನ್ ಕಲಿಯುವ ಮಕ್ಕಳು, ಪಾಠದ ಅಭ್ಯಾಸಗಳ ಜೊತೆಗೆ, ನಿಜವಾದ ಗಿರಾಕಿಗಳ ಕೆಲಸವನ್ನೂ ಕೈಗೆತ್ತಿಕೊಳ್ಳುವ ಪದ್ಧತಿಯನ್ನು ಕುರಿತು ನಾಲ್ಕು ಮಾತು ಆಡಬೇಕಾಗಿದೆ. ತೇನಿ, ಕಂಬಂ, ದಿಂಡುಗಲ್ಲಿನ ಒಕ್ಕಲು ಮನೆಗಳಿಗೂ ಅಂಗಡಿ ಮನೆಗಳಿಗೂ ಇದರಿಂದ ಏನಾಗಬೇಕು ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಆಗಬೇಕಾದದ್ದು ಬಹಳವಿದೆ ಎಂಬುದೇ ನನ್ನ ಬಿನ್ನಹ.

ಮೊದಲು ಈ ವಿದ್ಯೆ ಯಾವುದೆಂಬುದನ್ನು ನೋಡೋಣ. ಬೆಂಕಿಪೊಟ್ಟಣದ ಮೇಲಿನ ಚೀಟಿ, ಔಷಧದ ಸೀಸೆಯ ಮೇಲಿನ ಬರಹ, ಬಸ್ಸಿನ ಹಣೆಯ ಮೇಲಿನ ಊರ ಹೆಸರು, ಮದುವೆಯ ಕರೆಯೋಲೆ, ಮಕ್ಕಳ ಪಾಠಪುಸ್ತಕದ ಪುಟ, ಬ್ಯಾಂಕಿನ ಗುರುತು, ಇವೆಲ್ಲವನ್ನೂ ಯಾರೋ ಒಬ್ಬರು ಕುಳಿತು ಯೋಚಿಸಿ ರೂಪಿಸಿದ್ದಾರೆ. ಅಕ್ಷರ, ಚಿತ್ರ, ಬಣ್ಣ, ಖಾಲಿ ಜಾಗ ಈ ನಾಲ್ಕನ್ನೂ ಹೊಂದಿಸಿ, ಓದುವವನಿಗೆ ವಿಷಯ ತಪ್ಪಿಲ್ಲದೆ ತಲಪುವಂತೆ ಮಾಡುವುದೇ ಈ ವಿದ್ಯೆ. ಚಂದ ಕಾಣಿಸುವುದು ಅದರ ಒಂದು ಗುಣ ಮಾತ್ರ. ಔಷಧದ ಪ್ರಮಾಣವನ್ನು ಮುದುಕರೊಬ್ಬರು ದೀಪದ ಬೆಳಕಿನಲ್ಲಿ ಸರಿಯಾಗಿ ಓದಬಲ್ಲರೆ ಎಂಬುದು ಅದಕ್ಕಿಂತ ದೊಡ್ಡ ಪರೀಕ್ಷೆ.

ಈ ವಿದ್ಯೆಯನ್ನು ಕೆಲಸ ಮಾಡುತ್ತಲೇ ಕಲಿಯುವುದು ನಮ್ಮ ಸೀಮೆಗೆ ಹೊಸದಲ್ಲ. ನಮಗೆ ದಕ್ಷಿಣಕ್ಕಿರುವ ಕೋವಿಲ್‌ಪಟ್ಟಿಯಲ್ಲಿ ಸಿ. ಕೊಂಡಯ್ಯ ರಾಜು ಎಂಬ ಚಿತ್ರಕಾರರಿದ್ದರು. ಮದರಾಸಿನ ಕಲಾಶಾಲೆಯಲ್ಲಿ ಕಲಿತು, ನಾಟಕ ಕಂಪನಿಗೆ ಪರದೆಗಳನ್ನು ಬರೆದು, ಕಡೆಗೆ ಕೋವಿಲ್‌ಪಟ್ಟಿಯಲ್ಲಿ ನೆಲೆಸಿದರು. ಅವರ ಸುತ್ತ ಶಿಷ್ಯರ ಒಂದು ಬಳಗವೇ ಬೆಳೆಯಿತು. ಶಿವಕಾಶಿಯ ಮುದ್ರಣಾಲಯಗಳಿಗೆ ಬೇಕಾದ ಕ್ಯಾಲೆಂಡರ್ ಚಿತ್ರಗಳನ್ನು ಗುರುಶಿಷ್ಯರು ಬರೆದುಕೊಟ್ಟರು. ತಮ್ಮ ಹೆಸರಿನ ಜೊತೆಗೆ ಶಿಷ್ಯನ ಹೆಸರನ್ನೂ ಚಿತ್ರದ ಮೂಲೆಯಲ್ಲಿ ಕಾಣಿಸುವ ಔದಾರ್ಯ ಆ ಗುರುವಿನಲ್ಲಿತ್ತು. ದಕ್ಷಿಣದ ಎಷ್ಟೋ ಮನೆಗಳ ಗೋಡೆಯ ಮೇಲೆ ಲಕ್ಷ್ಮಿಯೂ ಮುರುಗನೂ ಬಂದು ಕುಳಿತದ್ದು ಇಂಥ ಕೈಗಳಿಂದ. ಅಲ್ಲಿ ಪದವಿಪತ್ರ ಇರಲಿಲ್ಲ; ಆದರೆ ಗುರುವಿದ್ದ, ಗಿರಾಕಿಯಿದ್ದ, ಕೊಡಬೇಕಾದ ದಿನವೂ ನಿಶ್ಚಯವಾಗಿತ್ತು.

ಇದೇ ತತ್ತ್ವವನ್ನು ಹೊರದೇಶದಲ್ಲಿಯೂ ಕಾಣಬಹುದು. ಜರ್ಮನಿಯ ವೈಮಾರ್ ನಗರದಲ್ಲಿ ವಾಲ್ಟರ್ ಗ್ರೋಪಿಯಸ್ ಎಂಬ ವಾಸ್ತುಶಿಲ್ಪಿ 1919ರಲ್ಲಿ ಬೌಹೌಸ್ ಎಂಬ ಕಲಾಶಾಲೆಯನ್ನು ತೆರೆದನು. 1923ರಲ್ಲಿ ಆ ದೇಶದ ನಾಣ್ಯದ ಬೆಲೆ ದಿನದಿನಕ್ಕೆ ಕುಸಿಯುತ್ತಿತ್ತು. ತುರಿಂಗಿಯಾ ಪ್ರಾಂತಕ್ಕೆ ಲಕ್ಷಗಟ್ಟಲೆ, ಕೋಟಿಗಟ್ಟಲೆ ಮಾರ್ಕು ಬೆಲೆಯ ತುರ್ತು ನೋಟುಗಳು ಬೇಕಾದವು. ಅವುಗಳನ್ನು ರೂಪಿಸುವ ಹೊಣೆ ಬಿದ್ದದ್ದು ಆಗ ಅಲ್ಲಿ ವಿದ್ಯಾರ್ಥಿಯಾಗಿದ್ದ, 23 ವರ್ಷದ ಹರ್ಬರ್ಟ್ ಬೇಯರನ ಮೇಲೆ. ಬಳ್ಳಿಹೂವಿನ ಅಲಂಕಾರವನ್ನೆಲ್ಲ ಬಿಟ್ಟು, ದಪ್ಪ ಅಂಕಿಗಳು ಒಂದೇ ನೋಟಕ್ಕೆ ಕಾಣುವ ಸರಳವಾದ ನೋಟನ್ನು ಆತ ಮಾಡಿಕೊಟ್ಟ. ಸಮಯದ ಅಭಾವವೂ ಜನರ ಅಗತ್ಯವೂ ಆ ಸರಳತೆಗೆ ಒತ್ತುಕೊಟ್ಟವು. ಎರಡು ವರ್ಷದ ತರುವಾಯ ಅದೇ ಬೇಯರ್, ದೆಸ್ಸಾವ್ ನಗರಕ್ಕೆ ಹೋದ ಆ ಶಾಲೆಯ ಮುದ್ರಣ ವಿಭಾಗಕ್ಕೆ ಮುಖ್ಯಸ್ಥನಾದ.

ನಮ್ಮ ದೇಶದಲ್ಲಿ ಈ ಶಿಕ್ಷಣಕ್ಕೆ ತಳಹದಿ ಬಿದ್ದ ಕತೆಯೂ ಸ್ವಾರಸ್ಯವಾಗಿದೆ. ಭಾರತ ಸರ್ಕಾರದ ಕೋರಿಕೆಯಂತೆ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ಇಲ್ಲಿ ಸಂಚರಿಸಿ 1958ರಲ್ಲಿ ಒಂದು ವರದಿಯನ್ನು ಒಪ್ಪಿಸಿದರು. ನಮ್ಮ ಹೆಂಗಸರು ನೀರು ತರುವ ಚೊಂಬನ್ನು ಅವರು ಅದರಲ್ಲಿ ಮನಸಾರೆ ಮೆಚ್ಚಿ ಬರೆದರು. ಎಷ್ಟೋ ತಲೆಮಾರಿನ ಬಳಕೆ ತಿದ್ದಿ ತೀಡಿದ ರೂಪ ಅದು ಎಂಬುದು ಅವರ ಭಾವ. ಆ ವರದಿಯ ಫಲವಾಗಿ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಹೊರಗಿನ ಸಂಸ್ಥೆಗಳ ಕೆಲಸವನ್ನು ಒಪ್ಪಿಕೊಳ್ಳುವುದು ಅಲ್ಲಿಯ ಕಲಿಕೆಯ ಒಂದು ಅಂಗವಾಯಿತು. 1971ರಲ್ಲಿ ಬಳಕೆಗೆ ಬಂದ ಸ್ಟೇಟ್ ಬ್ಯಾಂಕಿನ ದುಂಡು ಗುರುತನ್ನು ರಚಿಸಿದ ಶೇಖರ್ ಕಾಮತರು ಆ ಸಂಸ್ಥೆಯವರು. 1976ರಲ್ಲಿ ಆಕಾಶವಾಣಿಯಿಂದ ಬೇರೆಯಾದ ದೂರದರ್ಶನಕ್ಕೆ ಗುರುತು ಬೇಕಾದಾಗ, ಅಲ್ಲಿಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಕರಡುಗಳನ್ನು ಬರೆದರು. ಆಯ್ಕೆಯಾದದ್ದು ದೇವಾಶಿಷ್ ಭಟ್ಟಾಚಾರ್ಯ ಎಂಬ ವಿದ್ಯಾರ್ಥಿಯ ಕರಡು. ಎರಡು ಬಾಗು ಗೆರೆಗಳು ಒಂದು ಕಣ್ಣನ್ನು ಬಳಸಿ ನಿಂತ ಆ ಗುರುತು, ಸಂಜೆಯ ಹೊತ್ತು ನೆರೆಹೊರೆಯವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂತು ನೋಡಿದ ಕಾಲದವರಿಗೆ ಇಂದಿಗೂ ಮರೆತಿಲ್ಲ. ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿಯೂ ಸೃಷ್ಟಿ ಎಂಬ ವಿನ್ಯಾಸ ವಿದ್ಯಾಲಯದ ಮಕ್ಕಳು ಮೆಟ್ರೋ ನಿಗಮದೊಡನೆ ಕೂಡಿ ಪೀಣ್ಯ, ಕಬ್ಬನ್ ಪಾರ್ಕ್ ನಿಲ್ದಾಣಗಳಲ್ಲಿ ಪ್ರಯಾಣಿಕರ ಕಣ್ಣಮುಂದೆಯೇ ಕಲಾಕೃತಿಗಳನ್ನು ಮಾಡಿದ್ದಾರೆ.

ಇವೆಲ್ಲ ದೊಡ್ಡ ಊರಿನ, ದೊಡ್ಡ ಸಂಸ್ಥೆಯ ಮಾತಾಯಿತು ಎನ್ನಬೇಡಿ. ಗಿರಾಕಿ ಏನನ್ನು ಕಲಿಸುತ್ತಾನೆ ಎಂಬುದನ್ನು ನಮ್ಮ ಕಣಿವೆಯ ಒಂದು ಪದಾರ್ಥದಿಂದಲೇ ತಿಳಿಯೋಣ. ಕಂಬಂ ಕಣಿವೆಯ ಪನ್ನೀರು ದ್ರಾಕ್ಷಿಗೆ 2023ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಫ್ರೆಂಚ್ ಪಾದ್ರಿಯೊಬ್ಬರು 1832ರಲ್ಲಿ ಈ ಸೀಮೆಗೆ ತಂದರೆಂದು ಹೇಳಲಾಗುವ ಮಸ್ಕಟ್ ಹ್ಯಾಂಬರ್ಗ್ ಎಂಬ ತಳಿ ಅದು. ತರಗತಿಯಲ್ಲಿ ಉಪಾಧ್ಯಾಯರು “ದ್ರಾಕ್ಷಿ ಪೆಟ್ಟಿಗೆಗೆ ಒಂದು ಚಿತ್ರ ಬರೆಯಿರಿ” ಎಂದರೆ, ಹುಡುಗ ಏಳು ಬಣ್ಣದಲ್ಲಿ ಗೊಂಚಲನ್ನು ಬರೆದು ಒಳ್ಳೆಯ ಅಂಕ ಪಡೆದಾನು. ಅದೇ ಕೆಲಸವನ್ನು ತೋಟದ ಯಜಮಾನರು ಕೊಟ್ಟರೆ, ಮೊದಲ ದಿನವೇ ಬೇರೆ ಪ್ರಶ್ನೆಗಳು ಏಳುತ್ತವೆ. ರಟ್ಟಿನ ಪೆಟ್ಟಿಗೆಯ ಮೇಲೆ ಒಂದೆರಡು ಬಣ್ಣಕ್ಕಿಂತ ಹೆಚ್ಚು ಅಚ್ಚು ಹಾಕಿಸಿದರೆ ಖರ್ಚು ಗಿಟ್ಟುವುದೆ? ಗಾಳಿಯಾಡಲು ತೂತುಗಳು ಬೇಕು. ಅವು ಹೆಸರಿನ ನಡುವೆ ಬಿದ್ದರೆ ಗತಿಯೇನು? ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದಾಗ ಹೊರಗೆ ಕಾಣುವುದು ಯಾವ ಮಗ್ಗುಲು? ಮದುರೆಯ ಮಂಡಿಯಲ್ಲಿ ನಸುಕಿನ ಬೆಳಕಿನಲ್ಲಿ ಹಮಾಲಿಯು ಅದನ್ನು ಗುರುತಿಸಬಲ್ಲನೆ? ಅದೇ ದ್ರಾಕ್ಷಿಯಿಂದ ರಸವನ್ನೋ ಜಾಮನ್ನೋ ಮಾಡಿ ಸೀಸೆಗೆ ತುಂಬಿದರೆ, ತೂಕ, ಬೆಲೆ, ತಯಾರಾದ ದಿನ, ತಯಾರಿಸಿದವರ ವಿಳಾಸ, ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಸಂಖ್ಯೆ, ಸಸ್ಯಾಹಾರದ ಹಸಿರು ಗುರುತು ಇವಿಷ್ಟಕ್ಕೂ ಕಾನೂನಿನಂತೆ ಜಾಗ ಬಿಡಬೇಕು. ಅಷ್ಟೆಲ್ಲ ಆದ ಮೇಲೆ ಉಳಿದ ನಾಲ್ಕು ಬೆರಳು ಜಾಗದಲ್ಲಿ ಅಂದವನ್ನು ತರಬೇಕು. ವಿದ್ಯೆ ಎಂಬುದು ಅಲ್ಲಿದೆ.

ದಿಂಡುಗಲ್ಲಿನ ಬೀಗವನ್ನೇ ನೋಡಿ. ಅದಕ್ಕೂ 2019ರಲ್ಲಿ ಭೌಗೋಳಿಕ ಮನ್ನಣೆ ಬಂದಿತು. ಕೈಯಿಂದ ಮಾಡುವ ಆ ಬೀಗದ ಸತ್ತ್ವವನ್ನು ಬಲ್ಲವರು ಬಲ್ಲರು. ಆದರೆ ಯಂತ್ರದಲ್ಲಿ ಹುಟ್ಟಿದ ಅಗ್ಗದ ಬೀಗದ ಪಕ್ಕದಲ್ಲಿ ಅದನ್ನು ಅಂಗಡಿಯ ಹಲಗೆಯ ಮೇಲೆ ಇಟ್ಟಾಗ, ಕೊಳ್ಳುವವನಿಗೆ ವ್ಯತ್ಯಾಸವನ್ನು ಯಾರು ಹೇಳಬೇಕು? ಸರ್ಕಾರದ ಪ್ರಮಾಣಪತ್ರ ಕಪಾಟಿನಲ್ಲಿರುತ್ತದೆ. ಅಂಗಡಿಯಲ್ಲಿ ಮಾತಾಡುವುದು ಪೊಟ್ಟಣ. ಆ ಪೊಟ್ಟಣಕ್ಕೆ ಮಾತು ಕೊಡಬಲ್ಲ ಮಕ್ಕಳು ನಮ್ಮ ಮನೆಗಳಲ್ಲಿಯೇ ಇರುವಾಗ, ಅವರಿಗೆ ಆ ಕೆಲಸವನ್ನು ಒಪ್ಪಿಸಲು ನಮಗೇಕೆ ತೋರುವುದಿಲ್ಲ?

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ನನ್ನ ಮಾತು ಅರ್ಧವಾದೀತು. ಗಿರಾಕಿ ಗುರುವಾಗಬಲ್ಲನು, ಲೋಭಿಯಾದರೆ ಶೋಷಕನೂ ಆಗಬಲ್ಲನು. “ಮಕ್ಕಳು ಹೇಗೂ ಕಲಿಯುವವರು, ಹಣವೇಕೆ?” ಎಂದು ಹತ್ತು ಬಾರಿ ತಿದ್ದಿಸಿ, ಕಡೆಗೆ ಒಂದು ಶಾಲು ಹೊದಿಸಿ ಕಳಿಸುವ ರೂಢಿ ಕೆಲವೆಡೆ ಇದೆ. ಅದು ಶಿಕ್ಷಣವಲ್ಲ, ಬಿಟ್ಟಿ ಚಾಕರಿ. ಮತ್ತೆ ಕೆಲವೆಡೆ ಕಾಲೇಜೇ ಗುತ್ತಿಗೆದಾರನಂತಾಗಿ, ಹುಡುಗರ ಪಾಠದ ವೇಳೆಯನ್ನು ಬಂದ ಕೆಲಸಕ್ಕೆ ಮಾರಿಬಿಡುವ ಅಪಾಯವೂ ಉಂಟು. ಆದ್ದರಿಂದ ನಾಲ್ಕು ಕಟ್ಟಳೆಗಳು ಅವಶ್ಯ. ಒಂದು, ಏನು ಬೇಕು, ಎಂದಿಗೆ ಬೇಕು, ಎಷ್ಟು ಬಾರಿ ತಿದ್ದುವುದು ಎಂಬುದು ಮೊದಲೇ ಬರಹದಲ್ಲಿರಬೇಕು. ಎರಡು, ಕಡಿಮೆಯಾದರೂ ಸರಿ, ಸಂಭಾವನೆ ಸಲ್ಲಬೇಕು. ಕಾಗದ, ಅಚ್ಚು, ಓಡಾಟದ ಖರ್ಚು ಹುಡುಗನ ಜೇಬಿಗೆ ಬೀಳಬಾರದು. ಮೂರು, ಹಕ್ಕು ಯಾರದೆಂಬುದನ್ನು ಬಾಯಿಮಾತಿಗೆ ಬಿಡಬಾರದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಶಾಸನದಂತೆ ಹಕ್ಕನ್ನು ಒಬ್ಬರಿಂದ ಒಬ್ಬರಿಗೆ ವಹಿಸಿಕೊಡುವುದು ಲಿಖಿತವಾಗಿಯೇ ಆಗಬೇಕು. ನಾಲ್ಕು, ಗಿರಾಕಿಗೂ ವಿದ್ಯಾರ್ಥಿಗೂ ನಡುವೆ ಅಧ್ಯಾಪಕರು ನಿಂತಿರಬೇಕು. ಕೆಲಸ ಕೆಟ್ಟರೆ ಹೊಣೆ ಹೊರುವುದೂ, ಕೆಲಸ ಗೆದ್ದರೆ ಶಿಷ್ಯನ ಹೆಸರನ್ನು ಮುಂದಿಡುವುದೂ ಅವರ ಧರ್ಮ. ಕೋವಿಲ್‌ಪಟ್ಟಿಯ ಗುರು ಚಿತ್ರದ ಮೂಲೆಯಲ್ಲಿ ಮಾಡಿದ್ದು ಇದನ್ನೇ.

ನಮ್ಮ ನೆರೆಯ ಗಾಂಧಿಗ್ರಾಮಕ್ಕೆ ಈ ತತ್ತ್ವ ಹೊಸದಲ್ಲ. ಡಾಕ್ಟರ್ ಸೌಂದರಮ್ ಅವರೂ ಜಿ. ರಾಮಚಂದ್ರನ್ ಅವರೂ 1947ರಲ್ಲಿ ಅದನ್ನು ಕಟ್ಟಿದರು. 1956ರಲ್ಲಿ ಅಲ್ಲಿ ಗ್ರಾಮೀಣ ವಿದ್ಯಾಸಂಸ್ಥೆ ಆರಂಭವಾಯಿತು. ದುಡಿಮೆಯೂ ಕಲಿಕೆಯೂ ಬೇರೆಯಲ್ಲ, ಹಳ್ಳಿಯೇ ಪಾಠಶಾಲೆ ಎಂಬ ಗಾಂಧೀಜಿಯ ನಂಬಿಕೆಯ ಮೇಲೆ ನಿಂತದ್ದು ಅದು. ಇಂದಿನ ಡಿಸೈನ್ ಸ್ಟುಡಿಯೋಗಳು ಹೊಸ ಹೆಸರಿನಿಂದ ಹೇಳುತ್ತಿರುವ ಮಾತು ಅದಕ್ಕೆ ದೂರದ್ದಲ್ಲ.

ಈಗ ನಮ್ಮ ಸಂಘಕ್ಕೆ ಹತ್ತಿರವಾದ ಮಾತಿಗೆ ಬರುತ್ತೇನೆ. ಈ ಸೀಮೆಯಲ್ಲಿ ಕನ್ನಡವು ಹೆಚ್ಚಾಗಿ ಕಿವಿಯ ಭಾಷೆ. ಕಣ್ಣಿನ ಭಾಷೆಯಾಗಿ ಉಳಿದಿರುವುದು ಕಡಮೆ. ಅಡುಗೆಮನೆಯಲ್ಲಿಯೂ ತೋಟದಲ್ಲಿಯೂ ಕನ್ನಡವಿದೆ. ಬೀದಿಯ ಹಲಗೆಯ ಮೇಲೆ ಇಲ್ಲ. ನಾಡಭಾಷೆಯಾದ ತಮಿಳು ಅಲ್ಲಿರುವುದು ನ್ಯಾಯವೇ, ಅದರ ಬಗ್ಗೆ ನಮಗೆ ಅಸಮಾಧಾನವಿಲ್ಲ. ಆದರೆ ಮದುವೆಯ ಕರೆಯೋಲೆ, ಗೃಹಪ್ರವೇಶದ ಪತ್ರಿಕೆ, ಕುಲದೇವರ ಜಾತ್ರೆಯ ಕರಪತ್ರ, ಸಂಘದ ಸ್ಮರಣ ಸಂಚಿಕೆ ಇವು ನಮ್ಮವೇ ಅಲ್ಲವೆ? ಅಲ್ಲಿಯೂ ಕನ್ನಡದಕ್ಷರ ಕಾಣದಿದ್ದರೆ ಅದಕ್ಕೆ ಅನ್ಯರು ಹೊಣೆಯಲ್ಲ.

ಕಂಡ ಕಡೆಯಲ್ಲಿಯೂ ಎಷ್ಟೋ ಸಲ ಅದು ಮುರಿದು ಕಾಣುತ್ತದೆ. ಕನ್ನಡದ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ. ಗುಡಿಸು ತಲೆಯ ಮೇಲೆ ಏರುತ್ತದೆ. ಇಂಗ್ಲಿಷಿನ ಅಳತೆಯಲ್ಲಿ ಸಾಲುಗಳನ್ನು ಒತ್ತಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಭಾರತೀಯ ಲಿಪಿಗಳನ್ನು ಜೋಡಿಸುವ ಏರ್ಪಾಡನ್ನು ಕಂಪ್ಯೂಟರಿನಲ್ಲಿ ಆರಿಸಿಕೊಳ್ಳದೆ ಅಚ್ಚಿಗೆ ಕೊಟ್ಟರೆ, ಒತ್ತು ಬಿಚ್ಚಿಕೊಂಡು ಅರ್ಧಾಕ್ಷರಗಳು ಸಾಲಿನಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. “ಅಕ್ಕ” ಎಂಬ ಎರಡಕ್ಷರದ ಮಾತೂ ಆಗ ಕುಂಟುತ್ತದೆ. ಲಿಪಿಯನ್ನು ಬಲ್ಲ ಕಣ್ಣು ಪರದೆಯ ಮುಂದೆ ಇದ್ದರೆ ಈ ದೋಷ ಒಂದು ಗಳಿಗೆಯಲ್ಲಿ ತಿದ್ದುವಂಥದು. ನಮ್ಮ ಮನೆಯ ಹುಡುಗನಿಗೋ ಹುಡುಗಿಗೋ ಇರುವ ಹೆಚ್ಚುಗಾರಿಕೆ ಇದೇ: ತಮಿಳು, ಕನ್ನಡ, ಇಂಗ್ಲಿಷ್ ಮೂರು ಲಿಪಿಗಳನ್ನೂ ಒಂದೇ ಪುಟದಲ್ಲಿ ಗೌರವದಿಂದ ಕೂರಿಸಬಲ್ಲವರು ಗಡಿನಾಡಿನಲ್ಲಲ್ಲದೆ ಮತ್ತೆಲ್ಲಿ ಹೆಚ್ಚಾಗಿ ಸಿಕ್ಕಾರು? ತಮಿಳುನಾಡಿನವರೇ ಆದ ಡಿ. ಉದಯಕುಮಾರರು ಮುಂಬಯಿಯ ಐ.ಐ.ಟಿ.ಯಲ್ಲಿ ತಮಿಳು ಅಕ್ಷರರೂಪವನ್ನು ಕುರಿತು ಸಂಶೋಧನೆ ಮಾಡಿದವರು. 2010ರಲ್ಲಿ ಸರ್ಕಾರ ಒಪ್ಪಿದ ರೂಪಾಯಿಯ ಗುರುತು ಅವರದು. ತಾಯ್ನುಡಿಯ ಅಕ್ಷರವನ್ನು ಆಳವಾಗಿ ನೋಡಿದ ಕಣ್ಣು ದೇಶಕ್ಕೇ ಉಪಯೋಗವಾಯಿತು.

ಆದುದರಿಂದ ನನ್ನ ಸಲಹೆ ಚಿಕ್ಕದು. ಸಂಘವೇ ಮೊದಲ ಗಿರಾಕಿಯಾಗಲಿ. ಮುಂದಿನ ವರ್ಷದ ಸ್ಮರಣ ಸಂಚಿಕೆಯ ಮುಖಪುಟವನ್ನೂ ಪುಟವಿನ್ಯಾಸವನ್ನೂ, ಡಿಸೈನ್ ಕಲಿಯುತ್ತಿರುವ ನಮ್ಮ ಮಕ್ಕಳಿಗೆ, ಅವರ ಅಧ್ಯಾಪಕರ ಮೂಲಕ, ಮೇಲೆ ಹೇಳಿದ ಕಟ್ಟಳೆಗಳಂತೆ ಒಪ್ಪಿಸಲಿ. ಹಣ ಕೊಡಲಿ, ಹೆಸರು ಅಚ್ಚು ಮಾಡಲಿ, ತಪ್ಪಿದ್ದರೆ ಮುಖಕ್ಕೆ ಹೇಳಿ ತಿದ್ದಿಸಲಿ. ಹಿರಿಯರು ಕರಡನ್ನು ಓದಿ ಕಾಗುಣಿತವನ್ನು ನೋಡಿಕೊಡಲಿ. ಆಮೇಲೆ ತೋಟದ ಯಜಮಾನರು, ಏಲಕ್ಕಿ ವ್ಯಾಪಾರಿಗಳು, ನೇಯ್ಗೆಯ ಮನೆಯವರು ಒಬ್ಬೊಬ್ಬರಾಗಿ ಮುಂದೆ ಬರಬಹುದು. ಮಗ ವೈದ್ಯನೋ ಇಂಜಿನಿಯರನೋ ಆಗದೆ ಚಿತ್ರ ಬರೆಯುವ ಓದಿಗೆ ಹೋದನಲ್ಲ ಎಂದು ಕೊರಗುವ ತಾಯಿತಂದೆಯರಿಗೂ, ಆ ಓದು ಅನ್ನ ಕೊಡುವುದನ್ನು ಕಣ್ಣಾರೆ ಕಂಡ ಸಮಾಧಾನ ದೊರೆಯುತ್ತದೆ.

ಹೊಗಳಿಕೆಯಿಂದ ಲಿಪಿ ಬಾಳುವುದಿಲ್ಲ. ಯಾರಾದರೂ ಅದನ್ನು ಬೇಕೆಂದು ಕೇಳಬೇಕು, ಬೆಲೆ ಕೊಡಬೇಕು, ಬಳಸಬೇಕು. ಆ ಕೇಳುವ ದನಿ ನಮ್ಮ ಮನೆಗಳಿಂದಲೇ ಮೊದಲಾಗಲಿ.