ಪೌರತ್ವಕ್ಕೆ ಸಾಲುವ ಕನ್ನಡ

(ಗಿಂಡಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ದೇಶೀಕರಣದ ಮೂಲಕ ಭಾರತದ ಪೌರನಾಗಬಯಸುವ ವಿದೇಶೀಯನಿಗೆ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದಾದರೊಂದು ಭಾಷೆಯ ಸಾಕಷ್ಟು ಜ್ಞಾನವಿರಬೇಕೆಂದು 1955ರ ಪೌರತ್ವ ಕಾಯಿದೆಯು ವಿಧಿಸುತ್ತದೆ. ಆ 22 ಭಾಷೆಗಳಲ್ಲಿ ಕನ್ನಡವಿದೆ; ಇಂಗ್ಲಿಷ್ ಇಲ್ಲ. ಗಿಂಡಿಯಲ್ಲಿ ನೆಲೆಸಿದ ಅರ್ಜಿದಾರನೂ ಕನ್ನಡವನ್ನೇ ಆರಿಸಿಕೊಳ್ಳಬಹುದು.

ಹುಟ್ಟಿನಿಂದಲೇ ಪೌರರಾದ ನಮ್ಮ ಮಕ್ಕಳನ್ನು ಈ ಪ್ರಶ್ನೆಯನ್ನು ಯಾರೂ ಕೇಳರು. ಅದರಿಂದಲೇ ನಾವು ಮೈಮರೆತೆವು. ಊರಿನಿಂದ ಅಜ್ಜಿ ಬರೆದ ಕಾಗದವನ್ನು ನನ್ನ ಮಗ ಇಂದಿಗೂ ನನ್ನಿಂದ ಓದಿಸಿಕೊಳ್ಳುತ್ತಾನೆ. ವರ್ಗಾವಣೆಯ ನೌಕರಿಯನ್ನು ನೆಪವಾಗಿಸಿಕೊಂಡು ಅವನಿಗೆ ಅಕ್ಷರ ಕಲಿಸದ ತಪ್ಪು ನನ್ನದೇ.

ಪರದೇಶದವನಿಂದ ರಾಷ್ಟ್ರವು ಅಪೇಕ್ಷಿಸುವಷ್ಟು ಕನ್ನಡವನ್ನಾದರೂ ನಮ್ಮ ಮನೆಗಳಲ್ಲಿ ಉಳಿಸಿಕೊಳ್ಳೋಣ. ಪ್ರಮಾಣಪತ್ರ ಬೇಡ, ಅಜ್ಜಿಯ ಕಾಗದವನ್ನು ಮಕ್ಕಳು ತಾವೇ ಓದಿಕೊಂಡರೆ ಸಾಕು.